ಮೂವತ್ತೊಂದನೇ ಕಲಮು

ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಹದಿನಾಲ್ಕು ವರ್ಷ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತವಳನ್ನು ಎಬ್ಬಿಸಲು ಒಂದೇ ಒಂದು ಹಾಳೆ ಸಾಕಾಯಿತು. ಕಟ್ಟಡ ಕೆಡವುತ್ತೇವೆ, ಮೂವತ್ತು ದಿನದೊಳಗೆ ಜಾಗ ಖಾಲಿ ಮಾಡಿ ಎಂದು ನೋಟಿಸು. ಹೀಗೆ ಇದ್ದಕ್ಕಿದ್ದಂತೆ ಹೇಳಿದರೆ ಹೇಗೆ ಎಂದು ಕೇಳಲು ಹೋದಾಗ ಮಾಲೀಕರು ಕಪಾಟಿನಿಂದ ಹಳೇ ಕರಾರು ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಪುಟದ ಕೊನೆಯಲ್ಲಿ ಅವಳದೇ ಸಹಿ ಇತ್ತು, ಗುಂಡಗೆ, ಮುದ್ದಾಗಿ. ಓದದೆ ಹಾಕಿದ ಸಹಿ.

ಬೀದಿಯವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದು ಒಬ್ಬಳಿಗೆ ಮಾತ್ರ. ಗಂಡನ ತಂಗಿ ಅಂಗಡಿಯಲ್ಲಿ ಅವಳ ಪಕ್ಕ ಕೂತು ಗುಂಡಿ ಹಚ್ಚುತ್ತ, ಬಂದ ಗಿರಾಕಿಗಳನ್ನು ಮಾತಾಡಿಸುತ್ತಿದ್ದಳು. ಅವಳು ಅತ್ತಿಗೆ ಅತ್ತಿಗೆ ಎನ್ನುವುದನ್ನು ಕೇಳಿ ಕೇಳಿ ಎಲ್ಲರಿಗೂ ಅದೇ ಬಾಯಿಗೆ ಬಂದಿತ್ತು. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮನೆಯೂ ಅಂಗಡಿಯೂ ಈ ಇಬ್ಬರ ಹೆಗಲ ಮೇಲೆಯೇ ನಡೆದುಕೊಂಡು ಬಂದಿದ್ದವು.

ಯಂತ್ರ ತಂದು ಮನೆಯ ಜಗಲಿಯಲ್ಲಿಟ್ಟ ದಿನ ನಾದಿನಿ ಅತ್ತುಬಿಟ್ಟಳು. ಅತ್ತಿಗೆ ಅಳಲಿಲ್ಲ. ಅವಳು ಬಾಗಿಲ ಪಕ್ಕ ಸಾಲಾಗಿ ಇಟ್ಟಿದ್ದ ಬಟ್ಟೆಯ ಚೀಲಗಳನ್ನೇ ನೋಡುತ್ತಿದ್ದಳು. ಊರ ಹೊರಗಿನ ದೊಡ್ಡ ಮಾಲ್‌ನ ಐದು ಅಂಗಡಿಗಳಿಂದ ಬಂದ ಚೀಲಗಳು. ಹೊಸ ಪ್ಯಾಂಟು, ಹೊಸ ಕೋಟು. ಗಿರಾಕಿ ಅಲ್ಲಿ ಕೊಳ್ಳುತ್ತಾನೆ, ಉದ್ದ ಸರಿ ಮಾಡಲು ಅಂಗಡಿಯವರು ಇವಳ ಹತ್ತಿರ ಕಳಿಸುತ್ತಾರೆ, ಹೋಗಿ ಬರುವಷ್ಟರಲ್ಲಿ ನಾಲ್ಕು ದಿನ.

"ನಾಳೆ ಬೆಳಗ್ಗೆ ಮಾಲ್‌ಗೆ ಹೋಗೋಣ" ಎಂದಳು ಅತ್ತಿಗೆ.

"ಚೀಲ ವಾಪಸ್ ಕೊಡೋಕಾ?"

"ಅಂಗಡಿ ಕೇಳೋಕೆ."

ನಾದಿನಿ ಮೂಗು ಒರೆಸಿಕೊಂಡು ಅತ್ತಿಗೆಯ ಮುಖ ನೋಡಿದಳು. ತಮಾಷೆಯ ಲಕ್ಷಣವೇನೂ ಕಾಣಲಿಲ್ಲ.

ಮಾಲ್‌ನ ಬಾಡಿಗೆ ವಿಭಾಗ ನಾಲ್ಕನೇ ಮಹಡಿಯಲ್ಲಿತ್ತು. ಅಲ್ಲಿಯ ಮ್ಯಾನೇಜರ್‌ಗೆ ಮೂವತ್ತು ದಾಟಿರಲಿಲ್ಲ. ಕೋಟಿನ ತೋಳು ಅಂಗೈವರೆಗೆ ಇಳಿದಿತ್ತು. ಗೋಡೆಯ ತುಂಬ ನಕ್ಷೆ, ತುಂಬಿದ ಅಂಗಡಿಗಳಿಗೆ ಹಸಿರು ಬಣ್ಣ, ಖಾಲಿ ಇದ್ದವಕ್ಕೆ ಕೆಂಪು. ಅವನು ಕೆಟ್ಟವನೇನಲ್ಲ, ಕೂತುಕೊಳ್ಳಿ ಎಂದ, ನೀರು ತರಿಸಿದ, ಆಮೇಲೆ ಇಲ್ಲ ಎಂದ.

"ನಮ್ಮಲ್ಲಿ ಬರೋದು ದೊಡ್ಡ ದೊಡ್ಡ ಬ್ರ್ಯಾಂಡ್‌ಗಳು ಮೇಡಂ. ರಿಪೇರಿ ಅಂಗಡಿ ಇಟ್ಟರೆ ಮಾಲ್‌ನ ಲುಕ್ ಕೆಡುತ್ತೆ."

"ಮೂರನೇ ಮಹಡಿ ಮೂಲೆಯಲ್ಲಿ ಒಂದು ಅಂಗಡಿ ಒಂದೂವರೆ ವರ್ಷದಿಂದ 'ಶೀಘ್ರದಲ್ಲೇ ತೆರೆಯಲಿದೆ' ಅಂತ ಬೋರ್ಡು ಹಾಕ್ಕೊಂಡು ಕೂತಿದೆಯಲ್ಲ ಸರ್, ಆ ಲುಕ್ ಪರವಾಗಿಲ್ವಾ?" ಎಂದಳು ನಾದಿನಿ.

ಮ್ಯಾನೇಜರ್ ನಕ್ಷೆಯ ಕಡೆ ನೋಡಿದ. ಮೂರನೇ ಮಹಡಿಯ ಮೂಲೆ ಕೆಂಪಗೆ ಉರಿಯುತ್ತಿತ್ತು. ಅದು ಅವನ ತಲೆನೋವಿನ ಜಾಗ. ಮುಂಭಾಗ ಕಿರಿದು, ಒಳಗೆ ಉದ್ದ, ಬೆನ್ನಿಗೆ ಸಾಮಾನು ಸಾಗಿಸುವ ಲಿಫ್ಟಿನ ಗಡಗಡ. ಸುಗಂಧದ ಅಂಗಡಿ, ಆಟಿಕೆ ಅಂಗಡಿ, ಮೊಬೈಲ್ ಕವರಿನ ಅಂಗಡಿ, ಮೂರೂ ಅಲ್ಲಿಗೆ ಬಂದು ಗಂಟುಮೂಟೆ ಕಟ್ಟಿದ್ದವು.

ಅತ್ತಿಗೆ ಚೀಲಗಳನ್ನು ಮೇಜಿನ ಮೇಲಿಟ್ಟಳು. "ಇವು ನಿಮ್ಮ ಅಂಗಡಿಗಳವೇ ಸರ್. ನಿಮ್ಮಲ್ಲಿ ಪ್ಯಾಂಟು ಕೊಂಡವರು ನಾಲ್ಕು ದಿನ ಕಾಯ್ತಾರೆ. ನಾನು ಇಲ್ಲೇ ಇದ್ದರೆ ಒಂದು ಗಂಟೆ ಕಾದರೆ ಸಾಕು. ಆ ಒಂದು ಗಂಟೆ ಅವರು ಎಲ್ಲಿರ್ತಾರೆ?"

"ಎಲ್ಲಿರ್ತಾರೆ?"

"ನಿಮ್ಮ ಮಾಲ್‌ನಲ್ಲೇ ಸುತ್ತಾಡ್ತಿರ್ತಾರೆ. ಪ್ಯಾಂಟು ನನ್ನ ಹತ್ತಿರ ಇದ್ದ ಮೇಲೆ ಇನ್ನೆಲ್ಲಿಗೆ ಹೋಗ್ತಾರೆ?"

ಮ್ಯಾನೇಜರ್ ಪೆನ್ನು ಕೆಳಗಿಟ್ಟ. ಅವತ್ತು ಒಪ್ಪಲಿಲ್ಲ, ಆದರೆ ಇಲ್ಲ ಎಂದೂ ಅನ್ನಲಿಲ್ಲ. ಐದು ಅಂಗಡಿಯವರೂ ಬರೆದುಕೊಟ್ಟ ಪತ್ರಗಳನ್ನು ಅತ್ತಿಗೆ ತಂದುಕೊಟ್ಟ ಮೇಲೆ, ಮೂರನೇ ವಾರದಲ್ಲಿ ಕರೆ ಬಂತು. ಐದು ವರ್ಷಕ್ಕೆ ಜಾಗ ಕೊಡುತ್ತೇವೆ, ಬಂದು ಕರಾರಿಗೆ ಸಹಿ ಹಾಕಿ.

ನಾದಿನಿ ಹೊಸ ಸೀರೆ ಉಟ್ಟು ಹೊರಟು ನಿಂತಿದ್ದಳು. ಮಾಲ್‌ಗೆ ಹೋಗಿ ನೋಡಿದರೆ ಕರಾರು ನಲವತ್ತಾರು ಪುಟ ಇತ್ತು. ಅತ್ತಿಗೆ ಅದನ್ನು ಕೈಗೆತ್ತಿಕೊಂಡು, "ಮೂರು ದಿನ ಬಿಟ್ಟು ಬರ್ತೀವಿ" ಎಂದು ಎದ್ದೇಬಿಟ್ಟಳು.

ಮೂರು ದಿನವೂ ಅವಳು ಅಳತೆಪಟ್ಟಿಯನ್ನು ಸಾಲಿನ ಕೆಳಗಿಟ್ಟುಕೊಂಡು, ಅದನ್ನು ಒಂದೊಂದೇ ಸಾಲು ಇಳಿಸುತ್ತ ಓದಿದಳು. ಅರ್ಥವಾಗದ ಕಡೆ ಗುಂಡುಪಿನ್ನು ಚುಚ್ಚಿದಳು. ಗಂಡ ಬಸ್ಸಿನಿಂದ ಇಳಿದು ಬಂದವನು, "ಇದೇನು, ಕಾಗದಕ್ಕೂ ಹೊಲಿಗೆ ಹಾಕ್ತಿದ್ದೀಯಾ?" ಎಂದು ನಕ್ಕ. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಒಂದೊಂದು ಪಿನ್ನಿಗೂ ಅರ್ಥ ಹೇಳಿದರು. ಪಿನ್ನುಗಳು ಒಂದೊಂದಾಗಿ ಹೊರಬಂದವು. ಕೊನೆಗೆ ಒಂದೇ ಉಳಿಯಿತು, ಮೂವತ್ತೊಂದನೇ ಕಲಮಿನಲ್ಲಿ. ಮಾಲ್‌ನವರು ತಮಗೆ ಬೇಕಾದಾಗ ಮೂವತ್ತು ದಿನದ ನೋಟಿಸು ಕೊಟ್ಟು ಅಂಗಡಿಯನ್ನು ಬೇರೆ ಯಾವುದೇ ಜಾಗಕ್ಕೆ ಎತ್ತಿಹಾಕಬಹುದು ಎಂದು ಅದರಲ್ಲಿತ್ತು.

ಅತ್ತಿಗೆ ಆ ಸಾಲನ್ನು ಇನ್ನೊಮ್ಮೆ ಓದಿದಳು. ಅದೇ ಮೂವತ್ತು ದಿನ.

"ಇದೊಂದು ತೆಗೀಬೇಕು ಸರ್" ಎಂದು ಪಿನ್ನು ಚುಚ್ಚಿದ ಪುಟವನ್ನು ಮ್ಯಾನೇಜರ್ ಮುಂದಿಟ್ಟಳು.

"ಅದು ಎಲ್ಲರಿಗೂ ಒಂದೇ ಮೇಡಂ. ಇಲ್ಲಿವರೆಗೆ ಯಾರೂ ಕೇಳಿಲ್ಲ."

"ಎಲ್ಲರಿಗೂ ಒಂದೇ ಅಳತೆ ಆಗೋ ಹಾಗಿದ್ದರೆ ನನಗೆ ಕೆಲಸವೇ ಇರ್ತಿರಲಿಲ್ಲ ಸರ್."

ನಾದಿನಿ ಮೇಜಿನ ಕೆಳಗೆ ಅವಳ ಸೆರಗು ಎಳೆದಳು. ಕೈಗೆ ಬಂದದ್ದು ಬಾಯಿಗೆ ಬರದೆ ಹೋದರೆ ಎಂಬ ಹೆದರಿಕೆ ಅವಳಿಗೆ. ಅತ್ತಿಗೆ ಸೆರಗು ಬಿಡಿಸಿಕೊಂಡಳು. "ಅದು ಇದ್ದರೆ ನಾನು ಸಹಿ ಹಾಕಲ್ಲ. ನಿಮಗೂ ಬೇಜಾರು ಬೇಡ, ನನಗೂ ಬೇಡ."

ಮ್ಯಾನೇಜರ್ ಕಾಗದ ಹಿಡಿದು ಒಳಗಿನ ಕೋಣೆಗೆ ಹೋದ. ಅಲ್ಲಿ ಕೂತಿದ್ದ ಡೈರೆಕ್ಟರ್ ಮೇಡಂ ಬಿಳಿಕೂದಲಿನ, ಮಾತು ಕಡಿಮೆಯ ಹೆಂಗಸು. ಬಾಗಿಲು ಅರ್ಧ ತೆರೆದಿತ್ತು, ಮಾತು ಹೊರಗೆ ಕೇಳುತ್ತಿತ್ತು. "ಆ ಮೂಲೆಯನ್ನ ಇನ್ಯಾರು ಕೇಳ್ತಾರೆ? ಹೊಡೆದುಹಾಕಿ ಕೊಡಿ" ಎಂದರು. ಕಲಮಿನ ಮೇಲೆ ಅಡ್ಡಗೆರೆ ಬಿತ್ತು. ಪಕ್ಕದಲ್ಲಿ ಡೈರೆಕ್ಟರ್ ಸಹಿ, ಅದರ ಕೆಳಗೆ ಅತ್ತಿಗೆಯ ಸಹಿ, ಗುಂಡಗೆ. ಲಿಫ್ಟಿನಲ್ಲಿ ಇಳಿಯುವಾಗ ನಾದಿನಿ, "ನನ್ನ ಜೀವ ಬಾಯಿಗೆ ಬಂದಿತ್ತು ಅತ್ತಿಗೆ" ಎಂದಳು. "ನನ್ನದೂ" ಎಂದಳು ಅತ್ತಿಗೆ.

ಅಂಗಡಿ ಶುರುವಾಯಿತು. ಯಂತ್ರವನ್ನು ಒಳಗೆ ಅಡಗಿಸದೆ ಗಾಜಿನ ಪಕ್ಕಕ್ಕೇ ಹಾಕಿದಳು. ಮೊದಲ ವಾರ ನೊಣ ಹೊಡೆಯುವುದೂ ಇರಲಿಲ್ಲ, ಅಲ್ಲಿ ನೊಣವೇ ಇರಲಿಲ್ಲ. ಎರಡನೇ ವಾರ ಐದು ಅಂಗಡಿಯವರು ಗಿರಾಕಿಗಳನ್ನು ಮೇಲಕ್ಕೆ ಕಳಿಸತೊಡಗಿದರು. ಸಂದರ್ಶನಕ್ಕೆ ಹೊರಟವನ ಕೋಟು, ಮದುವೆಗೆ ಎರಡೇ ದಿನ ಇದ್ದವಳ ಉಡುಪು, ತೆಳ್ಳಗಾದ ಅಜ್ಜನ ಪ್ಯಾಂಟು. ಕಾಯುವವರು ನಿಂತು ನೋಡಿದರು, ನೋಡಿದವರು ಮನೆಯಿಂದ ಇನ್ನೊಂದು ಬಟ್ಟೆ ತಂದರು. ಕಾಯುವವರಿದ್ದಾರೆಂದು ಎದುರಿಗೆ ಕಾಫಿ ಅಂಗಡಿ ಬಂತು. ಅದರ ಪಕ್ಕ ಪುಸ್ತಕದ್ದು. ವರ್ಷ ತುಂಬುವಷ್ಟರಲ್ಲಿ ನಕ್ಷೆಯ ಆ ಮೂಲೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಸಿರಾಗಿತ್ತು. ಅತ್ತಿಗೆಯ ಪಕ್ಕದ ಎರಡು ಅಂಗಡಿಗಳಷ್ಟೇ ಖಾಲಿ ಉಳಿದಿದ್ದವು.

ಅದೇ ಹೊತ್ತಿಗೆ ದೊಡ್ಡ ಚಪ್ಪಲಿ ಕಂಪನಿಯೊಂದು ಬಂದು ಕಣ್ಣು ಹಾಕಿತು. ಆ ಎರಡು ಅಂಗಡಿ, ಜೊತೆಗೆ ಅತ್ತಿಗೆಯದು, ಮೂರೂ ಸೇರಿ ಬೇಕು.

ಪತ್ರ ಬಂದಾಗ ನಾದಿನಿಯೇ ಒಡೆದು ಓದಿದಳು. ಕೆಳಗೆ ಪಾರ್ಕಿಂಗ್ ಪಕ್ಕ ಬೇರೆ ಜಾಗ ಕೊಡುತ್ತೇವೆ, ಮೂವತ್ತು ದಿನದಲ್ಲಿ ಸ್ಥಳಾಂತರಗೊಳ್ಳಬೇಕು. ಅವಳ ಮುಖ ಸುಣ್ಣವಾಯಿತು. "ಮತ್ತೆ ಅದೇ ಆಯ್ತಲ್ಲ ಅತ್ತಿಗೆ."

"ಆಗಿಲ್ಲ" ಎಂದು ಅತ್ತಿಗೆ ಕೈಯಲ್ಲಿದ್ದ ಪ್ಯಾಂಟಿನ ಅಂಚು ಮುಗಿಸಿ, ದಾರ ಕತ್ತರಿಸಿ, ಕರಾರು ತೆಗೆದುಕೊಂಡು ಮೇಲೆ ಹೋದಳು.

ಡೈರೆಕ್ಟರ್ ಕೋಣೆಯಲ್ಲಿ ಮ್ಯಾನೇಜರ್ ಜೊತೆ ಚಪ್ಪಲಿ ಕಂಪನಿಯವನೂ ಇದ್ದ, ಮೇಜಿನ ಮೇಲೆ ನಕ್ಷೆ ಹರಡಿತ್ತು. ಅತ್ತಿಗೆ ಪುಟ ತಿರುಗಿಸಿ ಅದರ ಮೇಲಿಟ್ಟಳು. ಡೈರೆಕ್ಟರ್ ಮೇಡಂ ಕನ್ನಡಕ ಹಾಕಿಕೊಂಡು ಅಡ್ಡಗೆರೆಯನ್ನು ನೋಡಿದರು, ಪಕ್ಕದ ಸಹಿಯನ್ನು ನೋಡಿದರು.

"ಇದು ನನ್ನದೇ ಸಹಿ" ಎಂದರು.

"ಹೌದು ಮೇಡಂ."

ಮ್ಯಾನೇಜರ್ ಕಿವಿವರೆಗೆ ಕೆಂಪಾದ. ಪತ್ರ ಕಳಿಸುವಾಗ ಕರಾರನ್ನು ಅವನು ತೆಗೆದೇ ನೋಡಿರಲಿಲ್ಲ. ಚಪ್ಪಲಿ ಕಂಪನಿಯವನು ಗಂಟಲು ಸರಿಮಾಡಿಕೊಂಡು, ಏನು ಕೊಟ್ಟರೆ ಬಿಡುತ್ತೀರಿ ಹೇಳಿ ಎಂದ.

"ಏನು ಕೊಟ್ಟರೂ ಬಿಡಲ್ಲ. ಇನ್ನೂ ನಾಲ್ಕು ವರ್ಷ ನಾನು ಇಲ್ಲೇ. ನಿಮಗೆ ನನ್ನ ಜಾಗ ಯಾಕೆ ಬೇಕು, ಅದನ್ನ ಹೇಳಿ ಮೊದಲು."

ಹೇಳಿದ. ಅವರಿಗೆ ಬೇಕಾಗಿದ್ದು ಮುಂಭಾಗವಲ್ಲ, ಹಿಂಭಾಗ. ಚಪ್ಪಲಿ ಪೆಟ್ಟಿಗೆ ಇಡಲು ಗೋದಾಮು, ಅದೂ ಲಿಫ್ಟಿಗೆ ಅಂಟಿಕೊಂಡು. ಅತ್ತಿಗೆ ನಕ್ಷೆಯ ಮೇಲೆ ಬಗ್ಗಿ ಸ್ವಲ್ಪ ಹೊತ್ತು ನಿಂತಳು. ಅವಳ ಕಣ್ಣಿಗೆ ಅದು ಕತ್ತರಿಸದ ಬಟ್ಟೆಯ ಹಾಗೆಯೇ ಕಂಡಿತು. ಅವಳ ಅಂಗಡಿಯ ಹಿಂದಿನ ಅರ್ಧದಲ್ಲಿ ಹಳೇ ಕುರ್ಚಿ ಬಿಟ್ಟರೆ ಬೇರೇನೂ ಇರಲಿಲ್ಲ. ಮುಂದೆ ಮಾತ್ರ ಗಿರಾಕಿಗಳಿಗೆ ನಿಲ್ಲಲು ಜಾಗವಿರಲಿಲ್ಲ.

"ಒಂದು ಪೆನ್ಸಿಲ್ ಕೊಡಿ ಸರ್."

ಮ್ಯಾನೇಜರ್ ಕೊಟ್ಟ. ಅವಳು ನೇರವಾಗಿ ಗೆರೆ ಎಳೆದಳು. "ನನ್ನ ಹಿಂದಿನ ಅರ್ಧ ನೀವು ತಗೊಳ್ಳಿ. ಪಕ್ಕದಂಗಡಿ ಮುಂದಿಂದ ಇಷ್ಟು ಅಗಲ ನನಗೆ ಬಿಡಿ. ನಿಮ್ಮ ಬಾಗಿಲು ಹೇಗಿದ್ರೂ ಆ ಕಡೆ ತುದಿಯಲ್ಲಿದೆ. ಬಟ್ಟೆ ವ್ಯರ್ಥ ಆಗಲ್ಲ."

ಕಂಪನಿಯವನು ಮೊಬೈಲಿನಲ್ಲಿ ಲೆಕ್ಕ ಹಾಕಿ, ಮತ್ತೆ ಹಾಕಿ, "ಇದು ಆಗುತ್ತೆ" ಎಂದ. "ನಮ್ಮ ಎಂಜಿನಿಯರ್‌ಗೆ ಎರಡು ತಿಂಗಳಿಂದ ಹೊಳೆದಿರಲಿಲ್ಲ."

"ಗೋಡೆ ಒಡೆಯೋದು, ಗಾಜು ಹಾಕೋದು ಎಲ್ಲ ನಿಮ್ಮ ಖರ್ಚು" ಎಂದಳು ಅತ್ತಿಗೆ. "ಕೆಲಸ ನಡೆಯೋವಾಗ ನನ್ನ ಅಂಗಡಿ ಒಂದು ದಿನವೂ ಮುಚ್ಚಬಾರದು. ಹೊಸ ಕಾಗದದಲ್ಲೂ ಆ ಮೂವತ್ತೊಂದು ಇರಕೂಡದು."

ಡೈರೆಕ್ಟರ್ ಮೇಡಂ ಕನ್ನಡಕ ತೆಗೆದರು. ಅವರು ನಗುವುದನ್ನು ಮ್ಯಾನೇಜರ್ ಮೊದಲ ಸಲ ನೋಡಿದ್ದು ಅವತ್ತೇ. "ಬರ್ಕೊಳ್ರೀ" ಎಂದರು ಅವನಿಗೆ.

ಎರಡು ತಿಂಗಳಲ್ಲಿ ಅಂಗಡಿಯ ಮುಂಭಾಗ ಮೊದಲಿನ ಎರಡರಷ್ಟಾಯಿತು. ಎರಡನೇ ಯಂತ್ರ ಬಂತು, ಅದರ ಮುಂದೆ ನಾದಿನಿಯೇ ಕೂತಳು, ಗುಂಡಿ ಹಚ್ಚುವವಳಾಗಿ ಅಲ್ಲ, ಕೋಟು ಕತ್ತರಿಸುವವಳಾಗಿ. ಗಂಡ ಒಂದು ಭಾನುವಾರ ಬಂದವನು ಗಾಜಿನ ಆಚೆ ನಿಂತು, ತಂಗಿಯನ್ನೂ ಹೆಂಡತಿಯನ್ನೂ ನೋಡುತ್ತ, ಒಳಗೆ ಬರುವುದನ್ನೇ ಮರೆತ. "ಗಿರಾಕಿಗಳಿಗೆ ದಾರಿ ಬಿಡಿ ಸ್ವಾಮಿ" ಎಂದು ನಾದಿನಿ ಗದರಿದಳು.

ಚಪ್ಪಲಿ ಅಂಗಡಿ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಅದರ ಮ್ಯಾನೇಜರ್ ಎರಡು ತೋಳಿನ ತುಂಬ ಬಟ್ಟೆ ಹೊತ್ತುಕೊಂಡು ಓಡಿಬಂದ. ಕೆಲಸಗಾರರ ಸಮವಸ್ತ್ರ, ಇಪ್ಪತ್ತೆರಡು ಜೊತೆ. ಒಂದೊಂದೂ ಗೇಣುದ್ದ ಹೆಚ್ಚು. ನಾಳೆ ಬೆಳಗ್ಗೆ ಹತ್ತಕ್ಕೆ ಉದ್ಘಾಟನೆ.

"ಆಗುತ್ತಾ ಅತ್ತಿಗೆ?" ಎಂದು ಕೇಳಿದ. ಅವನಿಗೂ ಯಾರೋ ಆ ಹೆಸರು ಹೇಳಿಕೊಟ್ಟಿದ್ದರು.

ಅತ್ತಿಗೆ ಬಟ್ಟೆಯ ರಾಶಿ ನೋಡಿದಳು, ಗಡಿಯಾರ ನೋಡಿದಳು, ನಾದಿನಿಯನ್ನು ನೋಡಿದಳು. ನಾದಿನಿ ಆಗಲೇ ದಾರ ಪೋಣಿಸುತ್ತಿದ್ದಳು.

"ಒಬ್ಬೊಬ್ಬರನ್ನಾಗಿ ಕಳಿಸಿ" ಎಂದಳು ಅತ್ತಿಗೆ. "ಅಳತೆ ನಾನೇ ತಗೋತೀನಿ."