ಕನ್ನಡವನ್ನೇ ಕಳ್ಳ ಅಂದ ಆ್ಯಂಟಿವೈರಸ್

ಕಂಪ್ಯೂಟರ್ ಆನ್ ಮಾಡಿ, ಚಹಾ ಕುಡಿದು, ಕಪ್ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆಯೇ? ಮುಂಬೈಯ ವಡಾಲದ ಶಾಂತಪ್ಪನವರ ಮನೆಯಲ್ಲೂ ಹಾಗೇ ಇತ್ತು.

ಶಾಂತಪ್ಪ ಮನೆಯಲ್ಲೇ ಕೂತು ಕನ್ನಡ ಲಗ್ನಪತ್ರಿಕೆ ಮಾಡಿಕೊಡುವವರು. ಮುಂಬೈಯಲ್ಲಿರುವ ವಿಜಯಪುರದ ಕಡೆಯ ಮಂದಿಗೆ ಅವರ ಪತ್ರಿಕೆಯೇ ಬೇಕು, ಒಬ್ಬ ಸೋದರಮಾವನ ಹೆಸರೂ ಬಿಟ್ಟುಹೋಗುವುದಿಲ್ಲ. ಆ ಮಧ್ಯಾಹ್ನ ಸಿದ್ದರಾಮಪ್ಪ ಬಂದು ಕೂತಿದ್ದರು. ಮಗಳ ಮದುವೆ. ಅಂದೇ ಸಂಜೆಯ ಗಾಡಿಗೆ ಊರಿಗೆ ಹೊರಡಬೇಕು, ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಡಬೇಕು. ಆದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ತೆರೆಯುತ್ತಲೇ ಇಲ್ಲ. ಅದು ವೈರಸ್ ಎಂದು ಹೇಳಿ ಆ್ಯಂಟಿವೈರಸ್ ಬೀಗ ಹಾಕಿತ್ತು.

ಇಂಗ್ಲಿಷಿನಲ್ಲಿ ಮಾಡಿಕೊಡಲೇ ಎಂದು ಶಾಂತಪ್ಪ ಕೇಳಿದರು.

"ನಮ್ಮವ್ವ ಮುದುಕಿ ಆದಮ್ಯಾಲ ಅಕ್ಷರ ಕಲ್ತಾಳ್ರಿ," ಅಂದರು ಸಿದ್ದರಾಮಪ್ಪ. "ಮೊಮ್ಮಗಳ ಪತ್ರಿಕಿಯೊಳಗ ನನ್ನ ಹೆಸರು ನಾನ ಓದ್ತೀನಿ ಅಂತ ಕುಂತಾಳ. ಇಂಗ್ಲಿಷ್ ಒಯ್ದು ಏನ್ ಮಾಡ್ಲಿ?"

ಆ್ಯಂಟಿವೈರಸ್ ತೆಗೆಯಲು ಶಾಂತಪ್ಪ ಆಗಲೇ ಒದ್ದಾಡಿದ್ದರು. ಪರದೆಯ ಮೇಲಿನ ಅದರ ಐಕಾನ್ ಅಳಿಸಿದರು, ಅದು ಒಳಗೆ ಹಾಗೇ ಇತ್ತು. ಫೋಲ್ಡರ್ ಅಳಿಸಹೋದರೆ ಅನುಮತಿ ಇಲ್ಲ ಎಂದಿತು. ಕೊನೆಗೆ ನೆಟ್‌ನಲ್ಲಿ ಯಾವುದೋ ಹೆಲ್ಪ್‌ಲೈನ್ ನಂಬರ್ ಹುಡುಕಿ ಡಯಲ್ ಮಾಡುತ್ತಿದ್ದರು. ಅಷ್ಟರಲ್ಲಿ ಹೆಂಡತಿ ಸುಂದ್ರವ್ವ ಮೇಲಿನ ಮಹಡಿಯ ಶಿವಕುಮಾರಿಯನ್ನು ಕರೆತಂದರು. ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಹುಡುಗಿ.

"ಕಾಕಾ, ಫೋನ್ ಇಡ್ರಿ ಮೊದಲ. ಅವ್ರು ಯಾರೋ ಏನೋ. ಒಂದ್ಸಲ ನಿಮ್ಮ ಕಂಪ್ಯೂಟರ್ ಅವರ ಕೈಗೆ ಕೊಟ್ರ, ಬ್ಯಾಂಕಿನ ಪಾಸ್‌ವರ್ಡೂ ಹೋತು."

ಹುಡುಕಿದಾಗ ಒಂದಲ್ಲ, ಎರಡು ಆ್ಯಂಟಿವೈರಸ್ ಸಿಕ್ಕವು. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಜತೆ ಬಂದದ್ದು ಒಂದು, ಅದರ ಅವಧಿ ಮುಗಿದಿತ್ತು. ಅದರ ಮೇಲೆ ಶಾಂತಪ್ಪ ಫ್ರೀ ಸಿಕ್ಕಿತೆಂದು ಹಾಕಿಕೊಂಡದ್ದು ಇನ್ನೊಂದು.

"ಬಿಲ್ಡಿಂಗ್‌ಗೆ ಇಬ್ರು ವಾಚ್‌ಮನ್ ಇಲ್ಲೇನು? ಹಂಗ," ಎಂದು ಶಾಂತಪ್ಪ ವಾದಿಸಿದರು.

"ಈ ಇಬ್ರು ವಾಚ್‌ಮನ್ ಒಬ್ಬರ ಕಾಲರ್ ಒಬ್ಬರು ಹಿಡ್ಕೊಂಡು ಕುಂತಾರ ಕಾಕಾ. ಅದ್ಕ ಇಷ್ಟು ಸ್ಲೋ. ಮ್ಯಾಲ ಮನಿ ಯಜಮಾನನ್ನ ಕಳ್ಳ ಅಂತ ಹೊರಗ ನಿಲ್ಲಿಸ್ಯಾರ."

ಸುಂದ್ರವ್ವ ನಕ್ಕರು. "ನಾ ಅವತ್ತ ಹೇಳಿದ್ದೆ, ಫ್ರೀ ಅಂದ್ರ ಇವ್ರು ಏನ್ ಬೇಕಾದ್ದೂ ಮನಿಗೆ ತರ್ತಾರ."

ಶಿವಕುಮಾರಿ ಮೊದಲು ಹಳೆಯ ಪತ್ರಿಕೆಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿದಳು. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ತೆರೆದು, ಹೊಸದರ ಹೆಸರಿನ ಮುಂದೆ ಅನ್‌ಇನ್‌ಸ್ಟಾಲ್ ಒತ್ತಿದಳು. ಅದು ಗಪ್‌ಚುಪ್ ಹೋಯಿತು. ಹಳೆಯದು ಮಾತ್ರ ಪಾಸ್‌ವರ್ಡ್ ಕೇಳಿತು. ಮಾರಿದವನು ಇಟ್ಟ ಪಾಸ್‌ವರ್ಡ್ ಯಾರಿಗೆ ಗೊತ್ತು? ಇಂಥ ಹಟಮಾರಿಗಳಿಗಾಗಿ ಅನೇಕ ಕಂಪನಿಗಳು ತೆಗೆದುಹಾಕುವ ಟೂಲನ್ನೂ ಪುಕ್ಕಟೆ ಕೊಡುತ್ತವೆ ಎಂದು ಅವಳು ಹೇಳಿದಳು. ಆ ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ಅದನ್ನು ಇಳಿಸಿಕೊಂಡಳು. ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿ, ಬಂದ ಪಟ್ಟಿಯಿಂದ ಅಗತ್ಯದ ಪ್ರೋಗ್ರಾಂಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ, ಟೂಲ್ ಓಡಿಸಿದಳು. ಹಳೆಯದೂ ಹೋಯಿತು.

"ಹಿಂಗ ಎಲ್ಲಾ ತಗದ್ರ ನಾಳೆ ಖರೇ ವೈರಸ್ ಬಂದ್ರ?" ಶಾಂತಪ್ಪನವರ ಅನುಮಾನ ಇನ್ನೂ ಹೋಗಿರಲಿಲ್ಲ.

"ಕಾವಲು ಇಲ್ದ ಬಿಡಂಗಿಲ್ಲ ಕಾಕಾ. ವಿಂಡೋಸ್‌ನೊಳಗ ಅದರದ್ದ ಒಂದು ಅದ. ಒಂದ ಸಾಕು, ಅದರ ಅಪ್‌ಡೇಟ್ ತಪ್ಪಿಸಬ್ಯಾಡ್ರಿ."

ಕಂಪ್ಯೂಟರನ್ನು ಮತ್ತೆ ಮಾಮೂಲಿನಂತೆ ಶುರು ಮಾಡಿ, ವಿಂಡೋಸ್‌ನ ಆ ಕಾವಲನ್ನು ಆನ್ ಮಾಡಿ, ಇಡೀ ಕಂಪ್ಯೂಟರನ್ನು ಸ್ಕ್ಯಾನ್ ಮಾಡಿಸಿದಳು. ಟೈಪಿಂಗ್ ಸಾಫ್ಟ್‌ವೇರನ್ನೂ ಅದನ್ನು ತಯಾರಿಸಿದವರ ಸೈಟಿನಿಂದಲೇ ಹೊಸದಾಗಿ ಹಾಕಿದಳು. ಶಾಂತಪ್ಪ 'ಶ್ರೀ' ಎಂದು ಟೈಪ್ ಮಾಡಿದರು. ಪರದೆಯ ಮೇಲೆ ಶ್ರೀ ಮೂಡಿತು. ಸಿದ್ದರಾಮಪ್ಪ ಬಿಸಿ ಬಿಸಿ ಪ್ರಿಂಟನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್‌ಗೆ ಓಡಿದರು.

ಮರುದಿನ ಊರಿಂದ ಫೋನ್ ಬಂತು. ಆ ಕಡೆ ಒಂದು ಮುದಿ ದನಿ, ನಿಧಾನಕ್ಕೆ: "ಮ... ಹಾ... ದೇ... ವಿ. ನಾನ ಅದೀನಿ. ಮ್ಯಾಲಿನ ಸಾಲಿನ್ಯಾಗ ಅದೀನಿ."

ಶಾಂತಪ್ಪ ಕಣ್ಣೊರೆಸಿಕೊಳ್ಳುವಾಗಲೇ ಪರದೆಯ ಮೂಲೆಯಲ್ಲಿ ಇನ್ನೊಂದು ಫ್ರೀ ಆ್ಯಂಟಿವೈರಸ್‌ನ ಜಾಹೀರಾತು ಇಣುಕಿತು. "ಜಾಗ ಇಲ್ಲಪ್ಪ, ನಮ್ಮಲ್ಲಿ ವಾಚ್‌ಮನ್ ಅದಾನ," ಎಂದು ಅದನ್ನು ಮುಚ್ಚಿದರು.

ಓದುತ್ತಿರುವ ಅಣ್ಣಾ, ಅಕ್ಕಾ, ಇವತ್ತೇ ನಿಮ್ಮ ಕಂಪ್ಯೂಟರ್ ತೆರೆದು ಎಷ್ಟು ಕಾವಲುಗಾರರಿದ್ದಾರೆ ನೋಡಿ. ಒಬ್ಬನನ್ನು ಉಳಿಸಿ, ಉಳಿದವರನ್ನು ಸರಿಯಾದ ಬಾಗಿಲಿನಿಂದಲೇ, ಅಂದರೆ ಅನ್‌ಇನ್‌ಸ್ಟಾಲ್ ಮಾಡಿಯೇ, ಕಳಿಸಿ. ಗೊತ್ತಿಲ್ಲದ ನಂಬರಿಗೆ ಫೋನ್ ಮಾಡಬೇಡಿ. ಮೇಲಿನ ಮಹಡಿಯಲ್ಲಿ ನಿಮಗೂ ಒಬ್ಬಳು ಶಿವಕುಮಾರಿ ಇರುತ್ತಾಳೆ, ಕೂಗಿ ಕರೆಯಿರಿ.