ಜಗಲಿಯ ಮೇಲಿನ ಬ್ಯಾಗ್

ಗುಂಡ್ಲುಪೇಟೆಯ ಒಂದು ಕಲ್ಯಾಣ ಮಂಟಪದ ಹಿಂಬದಿಯಲ್ಲಿ ಮಾದೇಶ್ ತನ್ನ ಕಪ್ಪು ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದ. ಸ್ಪ್ಯಾನರ್‌ಗಳು, ಸ್ಕ್ರೂ ಡ್ರೈವರ್‌ಗಳು, ಗ್ಯಾಸಿನ ಒತ್ತಡ ನೋಡುವ ಗೇಜು, ಅದರ ಕೆಂಪು ನೀಲಿ ಪೈಪುಗಳು ಬಿದ್ದವು. ಅವುಗಳ ಹಿಂದೆ ಎಣ್ಣೆ ಮೆತ್ತಿದ ಬಟ್ಟೆ, ಕತ್ತರಿಸಿದ ತಾಮ್ರದ ಪೈಪಿನ ಚೂರುಗಳು, ಕವರಿನೊಳಗೇ ಹಸಿರಾಗಿದ್ದ ಒಂದು ಬನ್ನು ಬಿದ್ದವು. ಕೊನೆಗೆ ಬಿದ್ದದ್ದು ಒಣಗಿ ಚಪ್ಪಟೆಯಾದ ಒಂದು ಹಲ್ಲಿ. ಅದಕ್ಕೆ ಬಾಲ ಇರಲಿಲ್ಲ. ಬಾಲ ಬ್ಯಾಗಿನ ಒಳಮೂಲೆಗೆ ಅಂಟಿಕೊಂಡಿತ್ತು.

ಪಕ್ಕದಲ್ಲಿ ಜೊತೆ ಕೆಲಸದ ಅಮೀನ್ ಬಲಗೈಯ ತೋರುಬೆರಳನ್ನು ಒತ್ತಿ ಹಿಡಿದು ಕೂತಿದ್ದ. ಸ್ಪ್ಯಾನರ್ ಹುಡುಕಲು ಅದೇ ಬ್ಯಾಗಿಗೆ ಕೈ ಹಾಕಿದಾಗ ತಾಮ್ರದ ಚೂರು ಉಗುರಿನ ಪಕ್ಕ ಹೊಕ್ಕಿತ್ತು.

“ಬ್ಯಾಗಾ ಅಣ್ಣ ಇದು? ಹುತ್ತ ಕಣಣ್ಣ. ಕೈ ಇಕ್ಕುದ್ರೆ ಏನ್ ಕಚ್ತದೋ ಗೊತ್ತಾಗಕಿಲ್ಲ.”

“ನಿನ್ ಬ್ಯಾಗು ಬಾರಿ ಸಂದಾಗದಾ?”

“ನಂದ್ರಲ್ಲಿ ಹಲ್ಲಿ ಇಲ್ಲಣ್ಣ. ಜಿರಲೆ ಮಾತ್ರ.”

ಇಬ್ಬರೂ ನಕ್ಕರು. ಆದರೆ ಬೆರಳಿಗೆ ಎರಡು ಹೊಲಿಗೆ ಬಿದ್ದವು.

ಚಾಮರಾಜನಗರದ ಆ ಸರ್ವಿಸ್ ಸೆಂಟರಿನಲ್ಲಿ ಏಸಿ, ಫ್ರಿಜ್ಜು ರಿಪೇರಿ ಮಾಡುವವರು ಏಳು ಜನ. ಮಾದೇಶ್ ಅವರಲ್ಲಿ ಹಿರಿಯ, ಹನ್ನೆರಡು ವರ್ಷದಿಂದ ಅಲ್ಲಿದ್ದಾನೆ. ಹೊಲಿಗೆಯ ಸುದ್ದಿ ಕೇಳಿದ ಮಾಲೀಕ ಗಂಗಾಧರಸ್ವಾಮಿ ಮೂರು ಬಗೆಯ ಹೊಸ ಬ್ಯಾಗು ತರಿಸಿ ಮೇಜಿನ ಮೇಲಿಟ್ಟರು.

“ಏಳ್ ಜನಕ್ಕೂ ಒಂದೇ ತರದ್ದು ತರ್ಸನ. ಯಾವ್ದು ಅಂತ ನೀನೇ ಹೇಳು ಮಾದೇಶ. ಶನಿವಾರ ಆರ್ ಗಂಟೆಗೆ ಆರ್ಡರ್ ಓಯ್ತದೆ. ಆಮ್ಯಾಕೆ ಮೂರ್ ವರ್ಷ ಬ್ಯಾಗು ಬ್ಯಾಗು ಅಂತ ಯಾರೂ ನನ್ ತಾವ ಬರ್ಕೂಡ್ದು.”

ಹನ್ನೆರಡು ವರ್ಷದಲ್ಲಿ ಅವರು ಮಾದೇಶನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಅವನು ಅದನ್ನು ಗಂಭೀರವಾಗಿ ತೆಗೆದುಕೊಂಡ.

ಒಂದು ಬ್ಯಾಗು ಹಳೆಯದರ ಹಾಗೇ ಬೆನ್ನಿಗೆ ಹಾಕುವಂಥದ್ದು, ಕಪ್ಪು. ಇನ್ನೊಂದು ಪ್ಲಾಸ್ಟಿಕ್ ಪೆಟ್ಟಿಗೆ. ಮೂರನೆಯದು ದಪ್ಪ ಕ್ಯಾನ್ವಾಸಿನದು. ಗಟ್ಟಿ ರಬ್ಬರಿನ ತಳ ಇದ್ದುದರಿಂದ ನೆಲದ ಮೇಲೆ ತಾನೇ ನಿಲ್ಲುತ್ತಿತ್ತು. ಜಿಪ್ಪು ಎಳೆದರೆ ಬಾಯಿ ಎರಡೂ ಕಡೆಗೆ ಅಗಲವಾಗಿ ಬಿಚ್ಚಿಕೊಂಡು, ಸಣ್ಣ ಜೇಬುಗಳಲ್ಲಿ ನಿಂತ ಸಾಮಾನುಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಒದ್ದೆ ಬಟ್ಟೆಗೆ ಹೊರಗಡೆ ಬೇರೆಯೇ ಜೇಬು.

ಮಾದೇಶ್ ಮೊದಲು ಸಾಮಾನು ತೂಗಿಸಿದ. ತೆರಕಣಾಂಬಿ ಅವನ ಊರು, ಅಲ್ಲಿನ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಹನ್ನೊಂದು ಕೆ.ಜಿ. ನಾನೂರು ಗ್ರಾಂ ಬಂತು. “ಎತ್ಲಾ ಅತ್ಲಾಗೆ, ಈ ಗಬ್ಬುವಾಸ್ನೆ ನೋಡುದ್ರೆ ನಾಳೆ ನನ್ ಕೋಸು ಯಾರ್ ತಗತಾರೆ?” ಎಂದ ಅಂಗಡಿಯವನು. ಪ್ಲಾಸ್ಟಿಕ್ ಪೆಟ್ಟಿಗೆ ಅದೇ ದಿನ ಬೈಕಿನಿಂದ ಎರಡು ಸಲ ಬಿತ್ತು, ಎರಡನೆಯ ಸಲ ಮುಚ್ಚಳ ಸೀಳಿತು. ಅದು ಲೆಕ್ಕದಿಂದ ಹೊರಗಾಯಿತು.

ಬುಧವಾರ ಅಮೀನ್ ಮೊಬೈಲಿನಲ್ಲಿ ಸಮಯ ನೋಡಿದ. ಹತ್ತು ಸಾಮಾನು ಹೊರಗೆ ತೆಗೆದಿಡಲು ಬೆನ್ನಿನ ಬ್ಯಾಗಿಗೆ ಮೂರು ನಿಮಿಷ ಹತ್ತು ಸೆಕೆಂಡು ಬೇಕಾಯಿತು. ಅಗಲ ಬಾಯಿಯದಕ್ಕೆ ನಲವತ್ತು ಸೆಕೆಂಡು ಸಾಕಾಯಿತು. ಅದರ ಜಿಪ್ಪನ್ನು ಅವನು ಎಡಗೈಯಲ್ಲಿ ಐವತ್ತು ಸಲ ಎಳೆದು ನೋಡಿದ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

“ಇನ್ನೇನ್ ನೋಡಾದಣ್ಣ, ಇದೇ,” ಎಂದ.

“ನಾಳೆ ಒಂದು ಮನೆ ಕೆಲ್ಸಕ್ ತಕ್ಕೊಂಡೋಗಿ ನೋಡ್ಬುಡ್ತೀನಿ,” ಎಂದ ಮಾದೇಶ್.

ಆ ಮನೆ ಚಾಮರಾಜನಗರದ್ದೇ. ಮಹಡಿಯ ಮಲಗುವ ಕೋಣೆಯ ಏಸಿಯಿಂದ ನೀರು ಸೋರುತ್ತಿದೆ ಎಂಬುದು ದೂರು. ಎಪ್ಪತ್ತು ದಾಟಿದ ಮನೆಯ ಯಜಮಾನರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾದೇಶ್ ಬ್ಯಾಗನ್ನು ಅವರ ಮುಂದೆ ಇಳಿಸಿ, ಟೆಸ್ಟರ್ ತೆಗೆಯಲು ಜಿಪ್ಪು ಎಳೆದ. ಬ್ಯಾಗು ಎರಡೂ ಕಡೆಗೆ ಬಿಚ್ಚಿಕೊಂಡಿತು. ಯಜಮಾನರು ಮುಂದಕ್ಕೆ ಬಾಗಿ ನೋಡಿದರು.

“ಯಾವೂರ್ಲಾ ನಿಂದು?”

“ತೆರಕಣಾಂಬಿ ಸಾರ್.”

“ಅಲ್ಲಿ ಯಾರ ಪೈಕಿ?”

ಮಾದೇಶ್ ಟೆಸ್ಟರ್ ಕೈಗೆ ತೆಗೆದುಕೊಂಡ. “ಪುಟ್ಟಮಾದಯ್ಯನ ಮೊಮ್ಮಗ ಸಾರ್.”

“ಅಂಗನ್ನು ಮತ್ತೆ!” ಮುದುಕರು ತೊಡೆ ತಟ್ಟಿಕೊಂಡು ನಕ್ಕರು. “ನಾನು ಚಿಕ್ಕಮಲ್ಲಪ್ಪ ಕಣ್ಲಾ, ನಿಮ್ಮೂರವನೇ. ನಿಮ್ ತಾತ ಸೋಮ್ವಾರ ಸೋಮ್ವಾರ ನಮ್ ಮನೇಗೆ ಬತ್ತಿದ್ದ. ಜಗಲಿ ಮ್ಯಾಲೆ ಥೇಟು ಇಂಗೇ ಬಿಚ್ತಿದ್ದ. ಲೇ ಸುಂದ್ರಮ್ಮಿ, ಬಾ ಇಲ್ಲಿ, ಪುಟ್ಟಮಾದನ ಮೊಮ್ಮಗ ಅಡಪ ತಂದವ್ನೆ ನೋಡು!”

ಹಡಪ ಎಂದರೆ ಕ್ಷೌರದವರ ಚೀಲ. ಕತ್ತಿ, ಕತ್ತರಿ, ಸಾಣೆಕಲ್ಲು, ಬಟ್ಟಲು ಎಲ್ಲಕ್ಕೂ ಅದರಲ್ಲಿ ಒಂದೊಂದು ಜಾಗ. ಈ ಕಡೆಯ ಬಾಯಿಯಲ್ಲಿ ಅದು ಅಡಪ. ಮಾದೇಶನ ತಾತ ಅದನ್ನು ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಅಪ್ಪ ಹೋಗಲಿಲ್ಲ, ಪಂಚಾಯಿತಿ ಕಚೇರಿಯಲ್ಲಿ ಅಟೆಂಡರ್ ಆದರು. ಮಾದೇಶ್ ಐಟಿಐ ಓದಿದ.

ಅವನು ಬ್ಯಾಗು ಎತ್ತಿಕೊಂಡು ಹೊಸ್ತಿಲ ಕಡೆ ತಿರುಗಿದ.

“ಏಯ್, ಅದ ಅಲ್ಲೇ ಮಡಗು,” ಎಂದರು ಚಿಕ್ಕಮಲ್ಲಪ್ಪ. ದನಿಯಲ್ಲಿ ಕೋಪವಿರಲಿಲ್ಲ, ನಗು ಇನ್ನೂ ಇತ್ತು. “ಅಡಪ ಒಳಕ್ ಬಂದದಾ ಯಾವತ್ತಾರ? ಬೇಕಾದ್ದ ತಕ್ಕೊಂಡೋಗಿ ಮಾಡು.”

“ಆಯ್ತು ಬುದ್ಧಿ,” ಎಂದ ಮಾದೇಶ್.

ಅಂದ ಮೇಲೆ ಅವನ ಕಿವಿ ಬಿಸಿಯಾಯಿತು. ‘ಬುದ್ಧಿ’ ಎಂಬ ಪದವನ್ನು ಮೂವತ್ತಾರು ವರ್ಷದಲ್ಲಿ ಅವನು ಯಾರಿಗೂ ಅಂದಿರಲಿಲ್ಲ. ತಾತ ಬಾಗಿ ನಿಂತು ಅನ್ನುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದ, ಅಷ್ಟೆ. ಚಿಕ್ಕಮಲ್ಲಪ್ಪನವರಿಗೆ ಅದು ವಿಶೇಷವೆನಿಸಿದ ಹಾಗೆ ಕಾಣಲಿಲ್ಲ.

ಮಹಡಿಗೆ ಹದಿನೆಂಟು ಮೆಟ್ಟಿಲು. ಮೊದಲ ಸಲ ಟೆಸ್ಟರ್ ಮತ್ತು ಸ್ಕ್ರೂ ಡ್ರೈವರ್ ಹಿಡಿದು ಹತ್ತಿದ. ಏಸಿಯ ಮುಚ್ಚಳ ತೆಗೆದ ಮೇಲೆ ಧೂಳು ಊದುವ ಬ್ಲೋವರ್ ತರಲು ಇಳಿದ, ನೀರು ಹೋಗುವ ಪೈಪು ಕಟ್ಟಿಕೊಂಡಿದೆ ಎಂದು ಗೊತ್ತಾದ ಮೇಲೆ ತಂತಿ ತರಲು ಇಳಿದ. ಹೀಗೆ ಒಂಬತ್ತು ಸಲ ಇಳಿದು ಹತ್ತಿದ. ಪ್ರತಿ ಸಲ ಚಿಕ್ಕಮಲ್ಲಪ್ಪನವರು ಬ್ಯಾಗನ್ನೂ ಅವನನ್ನೂ ನೋಡಿ ತಲೆದೂಗಿದರು.

ಪೈಪಿನಿಂದ ಬಂದದ್ದು ಗೇಣುದ್ದದ ಲೋಳೆ. ಕೂದಲು, ಊದುಬತ್ತಿಯ ಮಸಿ, ಸತ್ತ ಇರುವೆಗಳು ಅದರಲ್ಲಿ ಸೇರಿ ಬೂದು ಬಣ್ಣದ ಕರುಳಿನ ಹಾಗೆ ಜಿಗುಟು ಜಿಗುಟಾಗಿ ಬಂತು. ಮಾದೇಶ್ ಅದನ್ನು ಬರಿಗೈಯಲ್ಲೇ ಎಳೆದು ತೆಗೆದ. ಬಾಗಿಲಲ್ಲಿ ನಿಂತಿದ್ದ ಚಿಕ್ಕಮಲ್ಲಪ್ಪನವರ ಹೆಂಡತಿ ಸುಂದ್ರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಅಯ್ಯೋ, ಇಸ್ಸಿ! ಎಲ್ಲಿಂದ ತಂದ್ಯಪ್ಪ ಈ ಗಲೀಜ?”

“ನಾನ್ ತಂದಿಲ್ಲ ಅಮ್ಮ. ನಿಮ್ ಏಸಿ ಒಳಗಿತ್ತು.”

ತೊಳೆದ ಏಸಿಯನ್ನು ಗೋಡೆಗೆ ಮತ್ತೆ ಕೂರಿಸುವಾಗ ಅದು ಸಮನಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಬೇಕು. ರಸಮಟ್ಟ ಕೆಳಗೆ ಬ್ಯಾಗಿನಲ್ಲಿತ್ತು. ಹತ್ತನೆಯ ಸಲ ಇಳಿಯಲು, ಆ ಮುದುಕರ ಮುಖವನ್ನು ಮತ್ತೆ ನೋಡಲು ಅವನಿಗೆ ಆಗಲಿಲ್ಲ. ಕಣ್ಣಳತೆಯಲ್ಲೇ ಕೂರಿಸಿದ.

ಶುಕ್ರವಾರ ಬೆಳಿಗ್ಗೆ ಅವನು ಗಂಗಾಧರಸ್ವಾಮಿಗೆ ಬೆನ್ನಿಗೆ ಹಾಕುವ ಬ್ಯಾಗೇ ಇರಲಿ ಎಂದ. ಅಗಲ ಬಾಯಿಯದರ ಜಿಪ್ಪು ಸರಿಯಿಲ್ಲ ಎಂದು ಕಾರಣ ಕೊಟ್ಟ. ಅವರು ಚೀಟಿಯಲ್ಲಿ ಬರೆದುಕೊಂಡರು. ಅಮೀನ್ ಅಲ್ಲೇ ಇದ್ದ. ಹೊರಗೆ ಬಂದ ಮೇಲೆ ಬೈಕಿಗೆ ಅಡ್ಡ ನಿಂತ.

“ಐವತ್ತು ಸಲ ಎಳ್ದಿವ್ನಿ ಆ ಜಿಪ್ಪ. ಯಾಕಣ್ಣ ಸುಳ್ಳೇಳ್ದೆ?”

“ಬುಡ್ಲಾ.”

“ಬುಡಕಿಲ್ಲ. ಈ ಬೆರಳ್ ನಂದು.” ಪಟ್ಟಿ ಕಟ್ಟಿದ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದ. “ಆ ಮನೇಲಿ ಏನಾಯ್ತು ಏಳು.”

ಮಾದೇಶ್ ಹೇಳಿದ. ಅಡಪ ಎಂದದ್ದು, ಒಂಬತ್ತು ಸಲ ಹತ್ತಿ ಇಳಿದದ್ದು ಎಲ್ಲ ಹೇಳಿದ. ‘ಬುದ್ಧಿ’ ಎಂದದ್ದನ್ನು ಕೊನೆಗೆ ಹೇಳಿದ. ಅಮೀನ್ ನಗಲಿಲ್ಲ.

“ಅಣ್ಣ, ಅವ್ರು ಅಂದ್ರು ಅಂತ ನಾವೇಳು ಜನ ಮೂರ್ ವರ್ಷ ಹಲ್ಲಿ ಜೊತೇಲಿ ಬಾಳ್ವೆ ಮಾಡ್ಬೇಕಾ? ಬೆನ್ ಬ್ಯಾಗ್ ಇದ್ರೆ ಬ್ಯಾರೆ ಏನಾರ ಅಂತಾರೆ. ನನ್ ಬ್ಯಾಗ್ ಯಾವ್ದಾದ್ರೂ ಗೇಟಲ್ಲಿ ಬಿಚ್ಚಿ ತೋರ್ಸು ಅಂತಾರೆ. ಅವ್ರ್ ಬಾಯಿ ಅಳತೆಗೆ ಯಾವ್ ಕಂಪ್ನಿಯವ್ರೂ ಬ್ಯಾಗ್ ಹೊಲಿಯಕಿಲ್ಲ.”

ಮಾದೇಶ್ ಬೈಕು ಹತ್ತಿದ. ಜಿಪ್ಪಿನ ಸುಳ್ಳು ಅವನಿಗೆ ಆ ಲೋಳೆಯ ಹಾಗೇ ಅನಿಸಿತ್ತು. ಮೂರು ಸಲ ಸೋಪು ಹಾಕಿದರೂ ಬೆರಳಲ್ಲಿ ಉಳಿದಿದ್ದ ಅಂಟು ಅದು.

ಶನಿವಾರ ಸಂಜೆ ನಾಲ್ಕೂವರೆಗೆ ಫೋನು ಬಂತು. ಚಿಕ್ಕಮಲ್ಲಪ್ಪನವರ ಏಸಿ ಮತ್ತೆ ಸೋರುತ್ತಿದೆ, ಈ ಸಲ ನೇರ ಹಾಸಿಗೆಯ ಮೇಲೆ. ಕಾರಣ ಮಾದೇಶನಿಗೆ ನೋಡದೆಯೇ ಗೊತ್ತಾಯಿತು. ಪೈಪು ಇಲ್ಲದ ಕಡೆಗೆ ಏಸಿ ವಾಲಿದೆ. ಹನ್ನೆರಡು ವರ್ಷದಲ್ಲಿ ಅವನು ಮಾಡಿದ ಕೆಲಸಕ್ಕೆ ಮೂರು ದಿನದೊಳಗೆ ದೂರು ಬಂದದ್ದಿಲ್ಲ. ಮೇಜಿನ ಮೇಲೆ ಎರಡು ಬ್ಯಾಗುಗಳಿದ್ದವು. ಸಾಮಾನೆಲ್ಲ ಇನ್ನೂ ಅಗಲ ಬಾಯಿಯದರಲ್ಲೇ ಇತ್ತು. ಅದನ್ನೇ ಎತ್ತಿಕೊಂಡ.

ಮುದುಕರು ಅದೇ ಕುರ್ಚಿಯಲ್ಲಿದ್ದರು.

“ಏನ್ಲಾ ಕೆಲ್ಸ ಮಾಡ್ದೆ ನೀನು? ನಿಮ್ ತಾತ ಇಂಗ್ ಮಾಡಿದ್ರೆ ನನ್ ಕಿವಿ ಉಳೀತಿತ್ತಾ? ಮಡಗು ಅದ ಅಲ್ಲಿ, ಓಗು ಬೇಗ.”

ಮಾದೇಶ್ ಬ್ಯಾಗನ್ನು ಹೆಗಲಿನಿಂದ ಇಳಿಸಲಿಲ್ಲ.

“ತಪ್ಪಾಗದೆ ಸಾರ್, ನಂದೇ ತಪ್ಪು. ರಸಮಟ್ಟ ಇಟ್ ನೋಡ್ಲಿಲ್ಲ. ಅದು ಇದ್ರಲ್ಲಿತ್ತು, ಇದು ಇಲ್ಲಿತ್ತು.” ಉಸಿರು ತೆಗೆದುಕೊಂಡ. “ಇದು ಒಳಕ್ ಬರ್ಬೇಕು ಸಾರ್.”

“ಅವತ್ತೇ ಏಳ್ಲಿಲ್ವಾ?”

“ಏಳಿದ್ರಿ. ಅಂಗಾದ್ರೆ ಏಸೀನ ಕೆಳಕ್ ತಂದ್ಕೊಡಿ ಸಾರ್. ಇಲ್ಲೇ ಜಗಲಿ ಮ್ಯಾಲೆ ಮಾಡ್ಕೊಡ್ತೀನಿ.”

ಚಿಕ್ಕಮಲ್ಲಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. ಮುಖದ ನಗು ಹೋಗಿತ್ತು. ಅವರು ಏನಾದರೂ ಅನ್ನುವ ಮೊದಲೇ ಮಹಡಿಯಿಂದ ಸುಂದ್ರಮ್ಮ ಕೂಗಿದರು.

“ಆಸ್ಗೆ ಎಲ್ಲಾ ನೆಂದೋಯ್ತಾ ಅದೆ, ಕಳ್ಸ್ರೀ ಅವನ್ನ! ಏನ್ ಮಾತಾಡ್ಕಂಡ್ ಕೂತಿದ್ದರಿ?”

ಮುದುಕರು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿದರು. ಮಾದೇಶ್ ಚಪ್ಪಲಿ ಬಿಟ್ಟು, ಬ್ಯಾಗಿನೊಂದಿಗೆ ಹೊಸ್ತಿಲು ದಾಟಿ ಹದಿನೆಂಟು ಮೆಟ್ಟಿಲು ಹತ್ತಿದ. ಕೋಣೆಯ ನೆಲದ ಮೇಲೆ ಬ್ಯಾಗಿಟ್ಟು ಬಾಯಿ ಬಿಚ್ಚಿದ. ರಸಮಟ್ಟದ ಗುಳ್ಳೆ ಒಂದು ಕಡೆಗೆ ಪೂರ್ತಿ ಓಡಿತು. ಏಸಿಯ ಹಿಂದಿನ ತಗಡು ಬಿಚ್ಚಿ, ಹೊಸ ತೂತು ಕೊರೆದು, ಸಮ ಮಾಡಿ, ಒಂದು ಲೋಟ ನೀರು ಸುರಿದು ನೋಡಿದ. ನೀರು ಪೈಪಿನಲ್ಲೇ ಹೋಯಿತು. ಎಲ್ಲ ಸೇರಿ ಮೂವತ್ತೈದು ನಿಮಿಷ ಹಿಡಿಯಿತು. ಒಂದು ಸಲವೂ ಕೆಳಗಿಳಿಯಲಿಲ್ಲ.

ಕೆಲಸ ಮುಗಿಸಿ ಕೋಣೆಯ ಹೊರಗೆ ಬಂದಾಗ ಸುಂದ್ರಮ್ಮ ಮೆಟ್ಟಿಲಿನ ನಡುವೆ ಬಗ್ಗಿ ನಿಂತಿದ್ದರು. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಬಟ್ಟೆ. ಫಿನಾಯಿಲ್ ವಾಸನೆ ಗಾಢವಾಗಿತ್ತು. ಬ್ಯಾಗು ಹತ್ತಿ ಬಂದ ದಾರಿಯಲ್ಲಿ ಮೇಲಿನ ಒಂಬತ್ತು ಮೆಟ್ಟಿಲು ಆಗಲೇ ಒದ್ದೆಯಾಗಿದ್ದವು. ಮಾದೇಶ್ ಬ್ಯಾಗಿನ ತಳ ಮುಟ್ಟಿ ನೋಡಿದ. ರಬ್ಬರು ಒಣಗಿತ್ತು, ಕೈಗೆ ಧೂಳು ಕೂಡ ಹತ್ತಲಿಲ್ಲ.

“ನೋಡ್ಕಂಡ್ ಇಳಿಯಪ್ಪ, ಜಾರ್ತದೆ,” ಎಂದರು ಸುಂದ್ರಮ್ಮ. ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಅವನಿಗೆ ಹೆಚ್ಚು ಅಸಹ್ಯವಾದದ್ದು ಅದೇ.

ಅವನು ಒದ್ದೆ ಮೆಟ್ಟಿಲುಗಳ ಮೇಲೆ ನಿಧಾನವಾಗಿ ಇಳಿದ. ಜಗಲಿಯಲ್ಲಿ ಕುರ್ಚಿ ಖಾಲಿಯಿತ್ತು.

ರಸ್ತೆಯ ತಿರುವಿನಲ್ಲಿ ಬೈಕು ನಿಲ್ಲಿಸಿ ಗಂಗಾಧರಸ್ವಾಮಿಗೆ ಫೋನು ಮಾಡಿದ. ಐದೂ ಮುಕ್ಕಾಲು ಆಗಿತ್ತು.

“ಸಾರ್, ಆರ್ಡರ್ ಓಯ್ತಾ?”

“ಈಗ ಕಳಿಸ್ತಾ ಇವ್ನಿ. ಯಾಕೆ?”

“ಬೆನ್ ಬ್ಯಾಗ್ ಬ್ಯಾಡ. ಅಗಲ ಬಾಯಿದೇ ತರ್ಸಿ, ಏಳೂ.”

“ಜಿಪ್ಪು ಸರಿಯಿಲ್ಲ ಅಂದಲ್ಲಯ್ಯ ನಿನ್ನೆ?”

“ಜಿಪ್ಪು ಸರಿಯಾಗದೆ ಸಾರ್. ನಾನೇ ಸುಳ್ಳೇಳ್ದೆ.”

ಆ ಕಡೆ ಚೀಟಿಯಲ್ಲಿ ಹೊಡೆದುಹಾಕುವ ಪೆನ್ನಿನ ಸದ್ದು ಕೇಳಿತು. ಗಂಗಾಧರಸ್ವಾಮಿ ಕಾರಣ ಕೇಳಲಿಲ್ಲ.

“ಎರಡು ಬಣ್ಣ ಅದೆ ಕಣಯ್ಯ ಇದ್ರಲ್ಲಿ. ಕಪ್ಪಾ, ಬೂದೀದಾ? ಕಪ್ಪಾದ್ರೆ ಕೊಳೆ ಕಾಣಕಿಲ್ಲ.”

ಮಾದೇಶ್ ಕೈಯನ್ನು ಮೂಗಿನ ಹತ್ತಿರ ತಂದ. ಫಿನಾಯಿಲ್ ವಾಸನೆ ಅಲ್ಲಿಗೂ ಬಂದಿತ್ತು.

“ಬೂದೀದೇ ಇರ್ಲಿ ಸಾರ್,” ಎಂದ. “ಕೊಳೆ ಕಾಣ್ಬೇಕು.”