ಚಪ್ಪರದ ಸುತ್ತ ಸಣ್ಣಸ್ವಾಮಿ

ಸಣ್ಣಸ್ವಾಮಿ ಯಾರ ಮನೆಗೆ ಹೋದರೂ ಜಗಲಿ ಹತ್ತುವ ಮುಂಚೆಯೇ ‘ಸರಿ, ಬರ್ಲಾ?’ ಎನ್ನುತ್ತಿದ್ದ. ಬಂದವನು ಹೀಗೆ ಹೊರಡುವ ಮಾತನ್ನೇ ಮೊದಲು ಆಡಿದರೆ ಮನೆಯವರು ಮಾಡುವುದಾದರೂ ಏನು? ಹೊಸಬರು ಗಾಬರಿಯಾಗಿ ಕಾಫಿಗೆ ನೀರಿಡಲು ಓಡುತ್ತಿದ್ದರು. ಬಲ್ಲವರು ನಗುತ್ತ ಲೋಟವನ್ನು ಅಂಗಳಕ್ಕೇ ತಂದುಕೊಡುತ್ತಿದ್ದರು. ಅವನು ನಿಂತೇ ಕುಡಿಯುತ್ತಿದ್ದ. ನಿಂತು ಎನ್ನುವುದೂ ಪೂರ್ತಿ ನಿಜವಲ್ಲ, ಅಂಗಳದ ಈ ತುದಿಯಲ್ಲಿ ಒಂದು ಗುಟುಕಾದರೆ ಆ ತುದಿಯಲ್ಲಿ ಇನ್ನೊಂದು. ಸಣಕಲು ಮೈ, ಉದ್ದನೆಯ ಕಾಲು, ನೆಲ ಕಾದಿದೆಯೇನೋ ಎಂಬಂತೆ ಎತ್ತಿ ಎತ್ತಿ ಇಡುವ ಹೆಜ್ಜೆ. ಮೇಲೊಂದು ಬೂದುಬಣ್ಣದ ಉಣ್ಣೆಯ ಕೋಟು, ಯಾವುದೋ ತೋಟದ ಬಿಳಿ ದೊರೆ ಸೀಮೆಗೆ ಮರಳುವಾಗ ಬಿಟ್ಟುಹೋದದ್ದು. ಅದರ ತೋಳು ಗಿಡ್ಡ, ಆದರೂ ಅದರ ಗುಂಡಿಗಳನ್ನು ಅವನು ಮನೆಯೊಳಗೂ ಬಿಚ್ಚುತ್ತಿರಲಿಲ್ಲ. ಹೊರಡುವ ಹೊತ್ತಿಗೆ ಮತ್ತೆ ಹಾಕಿಕೊಳ್ಳುವ ತಾಪತ್ರಯ ಯಾಕೆ ಎಂಬುದು ಅವನ ವಾದವಾಗಿತ್ತು.

ಎಲ್ಲಿಗೆ ಹೊರಡುವುದು ಎಂದು ಮಾತ್ರ ಕೇಳಬಾರದು, ಅದು ಅವನಿಗೂ ಗೊತ್ತಿರುತ್ತಿರಲಿಲ್ಲ. ಕೊಡಗು ತಾನೇ ಒಂದು ರಾಜ್ಯವಾಗಿದ್ದ, ಮಂತ್ರಿಗಳು ಮಡಿಕೇರಿಯಲ್ಲೇ ಕೂತು ಆಳುತ್ತಿದ್ದ ಆ ಕೆಲವೇ ವರ್ಷಗಳ ಕಾಲವದು. ಅಷ್ಟು ಪುಟ್ಟ ರಾಜ್ಯದೊಳಗೆ ಒಬ್ಬ ಮನುಷ್ಯ ಎಷ್ಟು ಅಲೆಯಬಲ್ಲ ಎಂಬುದಕ್ಕೆ ಸಣ್ಣಸ್ವಾಮಿಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಹಾಸನದ ಕಡೆಯಿಂದ ಬಂದು ಫ್ರೇಜರ್‌ಪೇಟೆಯ ಆಸುಪಾಸಿನಲ್ಲಿ ನೆಲೆನಿಂತ ಒಕ್ಕಲು ಮನೆತನ ಅವನದು. ಬರವಣಿಗೆ ದುಂಡಗಿತ್ತು, ತಲೆ ಚುರುಕಾಗಿತ್ತು; ಹಾಗಾಗಿ ಕಾಫಿ ಎಸ್ಟೇಟುಗಳ ಲೆಕ್ಕ ಬರೆಯುವ ರೈಟರ್ ಕೆಲಸ ಅವನನ್ನು ಹುಡುಕಿಕೊಂಡು ಬರುತ್ತಿತ್ತು. ಯಾವ ತೋಟದವರೂ ಅವನನ್ನು ಬಿಡಿಸಲಿಲ್ಲ, ಅವನೇ ಬಿಟ್ಟ. ಒಂದು ಕಡೆ ನೀರು ಸರಿಯಿಲ್ಲ ಎಂದ, ಇನ್ನೊಂದು ಕಡೆ ಜನ ಸರಿಯಿಲ್ಲ ಎಂದ, ಮತ್ತೊಂದು ಕಡೆ ಎಲ್ಲವೂ ಸರಿಯಾಗಿಬಿಟ್ಟಿದೆ, ಇನ್ನು ನನಗೇನು ಕೆಲಸ ಎಂದು ಬಿಟ್ಟುಬಂದ.

ಹೀಗೆ ಬಿಟ್ಟಾಗಲೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಹಿಂದೆ ಹೊರಡುತ್ತಿದ್ದವಳು ಹೆಂಡತಿ ವಿಶಾಲಾಕ್ಷಮ್ಮ. ಅವಳದು ಮಾತು ಕಡಿಮೆ, ಕೈ ಹಸಿರು. ಹೋದ ಹೋದಲ್ಲಿ ಏನಾದರೊಂದು ನೆಡುವುದು ಅವಳ ಹಟ. ನೆಟ್ಟದ್ದು ಫಲ ಕೊಡುವ ಮುಂಚೆ ಗಾಡಿ ಕಟ್ಟಿಸುವುದು ಗಂಡನ ಹಣೆಬರಹ. ನಾಪೋಕ್ಲುವಿನ ಕಡೆಯ ಒಂದು ತೋಟದಲ್ಲಿ ಅವಳೊಂದು ಕಿತ್ತಳೆ ಗಿಡ ನೆಟ್ಟಿದ್ದಳು. ಎಷ್ಟೋ ವರ್ಷಗಳ ಮೇಲೆ ಯಾರದೋ ಮದುವೆಗೆಂದು ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಆ ಅಂಗಳದಲ್ಲಿ ಮರ ತುಂಬ ಹಣ್ಣು ಬಿಟ್ಟಿತ್ತು, ಯಾರೋ ಹೆಂಗಸು ಬುಟ್ಟಿ ಹಿಡಿದು ಕೀಳುತ್ತಿದ್ದಳು. ವಿಶಾಲಾಕ್ಷಮ್ಮ ಕಿಟಕಿಯಿಂದ ಕತ್ತು ತಿರುಗಿಸಿ ಕಾಣುವವರೆಗೂ ನೋಡಿದಳು, ಆಮೇಲೆ ಸೆರಗು ಸರಿಮಾಡಿಕೊಂಡು ಮುಂದೆ ನೋಡುತ್ತ ಕೂತಳು. ಒಂದು ಮಾತು ಬೈದಿದ್ದರೆ ಸಣ್ಣಸ್ವಾಮಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲವಾದ್ದರಿಂದ ಮದುವೆಮನೆಯಲ್ಲಿ ಅವನಿಗೆ ಊಟ ಸೇರಲಿಲ್ಲ.

ವಿಶಾಲಾಕ್ಷಮ್ಮನ ಕೈಗೆ ಒಂದು ದ್ರಾಕ್ಷಿ ಬಳ್ಳಿ ಬಂದದ್ದು ಸುಂಟಿಕೊಪ್ಪದ ತೋಟದಿಂದ. ಅಲ್ಲಿಯ ಯಜಮಾನತಿ ಮುತ್ತಮ್ಮ ವಯಸ್ಸಾದ ಕೊಡವ ಹೆಂಗಸು, ಮಾತಿನಲ್ಲಿ ಖಡಕ್ಕು, ಮನಸ್ಸಿನಲ್ಲಿ ಮೆದು. ಬಂಗಲೆಯ ಮಗ್ಗುಲಿಗೆ ಬೆಂಗಳೂರು ಕಡೆಯ ಕರಿದ್ರಾಕ್ಷಿ ಹಬ್ಬಿಸಿ, ವರ್ಷವರ್ಷ ವೈನು ಇಳಿಸುತ್ತಿದ್ದಳು. ಆ ವಿದ್ಯೆಯನ್ನು ವಿಶಾಲಾಕ್ಷಮ್ಮನಿಗೂ ಕಲಿಸಿದಳು. ಎಂದಿನಂತೆ ಸಣ್ಣಸ್ವಾಮಿ ಆ ಕೆಲಸವನ್ನೂ ಬಿಟ್ಟ ದಿನ, ಬಳ್ಳಿಯ ತುಂಡೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಳು. ಅದನ್ನು ಹಾರಂಗಿ ಹೊಳೆಯ ದಂಡೆಯಲ್ಲಿ, ತನ್ನ ಅಣ್ಣ ಕೆಂಪಣ್ಣ ಬಿಟ್ಟುಕೊಟ್ಟ ಮನೆಯ ಹಿತ್ತಿಲಿನಲ್ಲಿ ವಿಶಾಲಾಕ್ಷಮ್ಮ ಊರಿದಳು. ಅದೇ ಮಳೆಗಾಲ ಸಣ್ಣಸ್ವಾಮಿ ಹೊಳೆದಂಡೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಹೇಳಬಾರದು, ಆದರೂ ಹೇಳುತ್ತೇನೆ: ಗಂಡ ಮಂಚದ ಮೇಲೆ ನರಳುತ್ತಿದ್ದ ಆ ತಿಂಗಳುಗಳಷ್ಟು ನೆಮ್ಮದಿಯಾಗಿ ಆ ಹೆಂಗಸು ಹಿಂದೆಂದೂ ಗಿಡಕ್ಕೆ ನೀರು ಹಾಕಿರಲಾರಳು. ಕಾಲು ಕೂಡಿದ ಮೇಲೆ ಹತ್ತಿರದ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಬಳ್ಳಿ ಚಪ್ಪರ ಹತ್ತಿತು, ಹಣ್ಣೂ ಬಿಟ್ಟಿತು.

ಮೊದಲ ಬೆಳೆಯ ವೈನನ್ನು ಕೆಡಿಸಿದವನು ಸಣ್ಣಸ್ವಾಮಿಯೇ. ಜಾಡಿಯ ಬಾಯಿಗೆ ಬಟ್ಟೆ ಬಿಗಿದು ಮೂಲೆಗಿಟ್ಟರೆ, ಒಳಗೇನಾಗುತ್ತಿದೆಯೋ ನೋಡಬೇಡವೇ ಎಂದು ಹೋಗುತ್ತ ಬರುತ್ತ ಬಿಚ್ಚಿದ, ಮೂಸಿದ, ಕಲಕಿದ. ಕೊನೆಗೆ ಅದು ಒಗ್ಗರಣೆಗೂ ಬಾರದ ಹುಳಿಯಾಯಿತು. ಮರುವರ್ಷ ವಿಶಾಲಾಕ್ಷಮ್ಮ ವೈನನ್ನು ಬಾಟ್ಲಿಗಳಿಗೆ ತುಂಬಿ, ಅಣ್ಣನ ಮನೆಯ ಕಣಜದಲ್ಲಿ, ಭತ್ತದೊಳಗೆ ಹೂತಿಟ್ಟು ಬಂದಳು. ಎಲ್ಲಿಟ್ಟೆ ಎಂದು ಗಂಡ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವನು ಅಟ್ಟ ಹುಡುಕಿದ, ಸೌದೆ ಕೊಟ್ಟಿಗೆ ಹುಡುಕಿದ, ಹೊಳೆಯ ಮರಳನ್ನೂ ಕೆದಕಿದನಂತೆ.

ಮುತ್ತಮ್ಮ ವರ್ಷಕ್ಕೊಮ್ಮೆ, ಸುಗ್ಗಿಯ ಹಬ್ಬವಾದ ಪುತ್ತರಿ ಕಳೆದ ಮೇಲಿನ ಒಂದು ಭಾನುವಾರ, ಮಡಿಕೇರಿಯ ತನ್ನ ಮನೆಯ ದೊಡ್ಡ ಹಜಾರದಲ್ಲಿ ದ್ರಾಕ್ಷಿ ಕೂಟ ನಡೆಸುತ್ತಿದ್ದಳು. ಅಲ್ಲಿಗೆ ಯಾರು ಬೇಕಾದರೂ ಮನೆಯಲ್ಲಿ ಮಾಡಿದ ವೈನು ತರಬಹುದು, ಆದರೆ ಕರಿದ್ರಾಕ್ಷಿಯದು ಮಾತ್ರ. ನೆಲ್ಲಿ, ನೇರಳೆ ಏನು ತಂದರೂ ಬಾಗಿಲಲ್ಲೇ ವಾಪಸು. ಹಣ್ಣು ಒಂದೇ ಆದರೆ ಕೈ ಯಾರದೆಂದು ನಾಲಿಗೆಗೆ ಗೊತ್ತಾಗುತ್ತದೆ ಎಂಬುದು ಮುತ್ತಮ್ಮನ ಸಿದ್ಧಾಂತ. ಆ ವರ್ಷ ಕೂಟಕ್ಕೆ ಹೋಗೋಣ ಎಂದು ವಿಶಾಲಾಕ್ಷಮ್ಮ ತಾನಾಗಿ ಬಾಯಿಬಿಟ್ಟು ಕೇಳಿದಾಗ ಸಣ್ಣಸ್ವಾಮಿಗೆ ದಿಗಿಲಾಯಿತು. ಯಾಕೆಂದರೆ ಅವನೊಂದು ಸಂಗತಿಯನ್ನು ಅವಳಿಂದ ಮುಚ್ಚಿಟ್ಟಿದ್ದ: ತಿತಿಮತಿಯ ಮರದ ಕಂಟ್ರಾಕ್ಟರೊಬ್ಬನಿಗೆ, ಸಂಕ್ರಾಂತಿ ಕಳೆಯುತ್ತಲೇ ಡಿಪೋ ರೈಟರಾಗಿ ಬರುತ್ತೇನೆಂದು ಮಾತು ಕೊಟ್ಟಾಗಿತ್ತು. ಅಲ್ಲಿ ಬಿಡಾರವೂ ಗೊತ್ತಾಗಿತ್ತು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಅವನು ಚಡಪಡಿಸುತ್ತಲೇ ಇದ್ದ.

ಬಸ್ಸಿನಲ್ಲಿ ಹೇಳಬೇಕೆಂದುಕೊಂಡ. ಘಾಟಿಯ ತಿರುವುಗಳಲ್ಲಿ ಅವಳು ಬಾಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಅದನ್ನು ನೋಡಿದವನು ಎದ್ದುಬಿಟ್ಟ. ಸೀಟು ಬದಲಾಯಿಸಿದ, ಡ್ರೈವರನ ಪಕ್ಕ ಹೋಗಿ ನಿಂತ, ವಾಪಸು ಬಂದ. ಹಜಾರದಲ್ಲಂತೂ ಅವನು ಯಾರ ಕೈಗೂ ಸಿಗಲಿಲ್ಲ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಾಟ್ಲಿಗಳು, ಹಿಂದೆ ಅವುಗಳ ಒಡತಿಯರು. ಸಣ್ಣಸ್ವಾಮಿ ಒಂದೊಂದರಿಂದಲೂ ಗುಟುಕು ಗುಟುಕು ಸವಿಯುತ್ತ ಸಾಗಿದ: ಸೋಮವಾರಪೇಟೆಯದಕ್ಕೆ ಲವಂಗ ಹೆಚ್ಚಾಗಿತ್ತು, ವಿರಾಜಪೇಟೆಯದು ಸಕ್ಕರೆಪಾಕ, ಒಂದರಲ್ಲಿ ಅಡುಗೆಮನೆಯ ಹೊಗೆಯ ವಾಸನೆ. ಹಣ್ಣು ಒಂದೇ ಆದರೂ ಒಂದೊಂದು ಮನೆಯೂ ನಾಲಿಗೆಯ ಮೇಲೆ ಬೇರೆಬೇರೆಯಾಗಿ ನಿಲ್ಲುತ್ತಿತ್ತು. ತನ್ನ ಮನೆಯ ರುಚಿ ಯಾವುದಿರಬಹುದು ಎಂಬ ಯೋಚನೆ ಅವನಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಬಂತು.

ಮುತ್ತಮ್ಮ ವಿಶಾಲಾಕ್ಷಮ್ಮನ ಬಾಟ್ಲಿಯ ಬಳಿಗೆ ಬಂದಾಗ ಸಣ್ಣಸ್ವಾಮಿ ಓಡಿಬಂದು ಹೆಂಡತಿಯ ಹಿಂದೆ ನಿಂತ. ಮುತ್ತಮ್ಮ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ಸವಿದಳು.

‘ಕೈ ಒಳ್ಳೆದುಂಟು ವಿಶಾಲಾಕ್ಷಿ. ಆದ್ರೆ ಇದು ಹಸಿ. ಎರಡು ಮಳೆಗಾಲ ಕಾಣದೆ ಬಾಟ್ಲಿ ಎತ್ತಬಾರ್ದು ಅಂತ ನಾನು ಹೇಳ್ಕೊಟ್ಟಿರ್ಲಿಲ್ವಾ? ಇದು ಒಂದೇ ಮಳೆಗಾಲದ್ದು. ಏನು ಅವಸರ ಬಂತು ನಿಂಗೆ?’

ಎಲ್ಲರೂ ಸಣ್ಣಸ್ವಾಮಿಯ ಕಡೆ ತಿರುಗಿ ನಕ್ಕರು. ರೈಟರ ಕೈ ಸುಮ್ಮನಿರಲಿಲ್ಲ ಎಂದು ಯಾರೋ ಅಂದರು. ಆ ದಿನದವರೆಗೆ ಬಾಟ್ಲಿಯನ್ನು ಕಣ್ಣಿಂದ ಕೂಡ ಕಾಣದಿದ್ದ ಸಣ್ಣಸ್ವಾಮಿಗೆ ರೇಗಿತು. ತಾನು ಮುಟ್ಟಿಲ್ಲವೆಂದು ಸಾಧಿಸಲು ಬಾಯಿ ತೆರೆದ. ಅಷ್ಟರಲ್ಲಿ ವಿಶಾಲಾಕ್ಷಮ್ಮ ಮಾತಾಡಿದಳು, ಮೆಲ್ಲಗೆ, ಆದರೆ ಹಜಾರಕ್ಕೆಲ್ಲ ಕೇಳುವಂತೆ.

‘ಇವ್ರ ತಪ್ಪಲ್ಲ ಅಮ್ಮಾವ್ರೆ. ನಾನೇ ತೆಗ್ದೆ. ಬರೋ ವರ್ಷ ನಾವಿಲ್ಲಿರಲ್ಲ. ಒಂದ್ ಸಲನಾದ್ರೂ ನಿಮ್ ಮುಂದೆ ಇಡಾನ ಅಂತ ತಂದೆ.’

ತಿತಿಮತಿಯ ವಿಷಯವನ್ನು ಸಣ್ಣಸ್ವಾಮಿ ಹೇಳಬೇಕಾಗಿಯೇ ಇರಲಿಲ್ಲ. ಅವಳಿಗೆ ಗೊತ್ತಿತ್ತು. ಕಂಟ್ರಾಕ್ಟರನ ಆಳು ದಾರಿ ವಿಚಾರಿಸುತ್ತ ಕೆಂಪಣ್ಣನ ಮನೆಗೇ ಬಂದಿದ್ದನಂತೆ, ಅದು ಆಮೇಲೆ ತಿಳಿದ ವಿಷಯ. ಆ ಕ್ಷಣ ಸಣ್ಣಸ್ವಾಮಿಗೆ ಹೊಳೆದದ್ದು ಇಷ್ಟೇ: ಒಂದು ವರ್ಷದ ವೈನನ್ನು ಮುಟ್ಟಿ ಕೆಡಿಸಿದ್ದೆ, ಇದನ್ನು ಮುಟ್ಟದೆಯೇ ಕೆಡಿಸಿದೆ. ಜೀವಮಾನವಿಡೀ ಕಾಯುವುದನ್ನೇ ಬಲ್ಲ ಹೆಂಗಸಿಗೆ ಅವಸರ ಕಲಿಸಿದವನು ತಾನು. ಅವನಿಗೆ ನಾಚಿಕೆಯಾಯಿತು, ಕಿತ್ತಳೆ ಮರ ಕಂಡ ದಿನಕ್ಕಿಂತ ಹೆಚ್ಚಾಗಿ.

‘ಇನ್ನೂ ಐತಾ ಇದು?’ ಎಂದು ಹೆಂಡತಿಯನ್ನು ಕೇಳಿದ.

‘ಐತೆ. ಅಣ್ಣನ ಕಣಜದಾಗೆ.’

‘ಇರ್ಲಿ. ತೆಗೀಬ್ಯಾಡ. ಇನ್ನೊಂದ್ ಮಳೆಗಾಲ ಕಾಣ್ಲಿ.’

ಹಾಗೆಂದವನು ಮಡಿಕೇರಿಯ ಆ ಚಳಿಯಲ್ಲೂ ಸೆಕೆಯಾದವನಂತೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಗೋಡೆಬದಿಯ ಬೆಂಚಿನ ಮೇಲೆ ಕೂತುಬಿಟ್ಟ. ಸಣ್ಣಸ್ವಾಮಿ ಕೂತದ್ದನ್ನು ಕಂಡು ಮುತ್ತಮ್ಮನೇ ಒಂದು ಗಳಿಗೆ ಗಾಬರಿಯಾದಳು. ವಿಶಾಲಾಕ್ಷಮ್ಮ ಮಾತ್ರ ಅವನ ಕಡೆ ನೋಡಲಿಲ್ಲ. ಬಾಟ್ಲಿಗೆ ಬಿರಡೆ ಹಾಕಿ, ಅದನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ತಿತಿಮತಿಗೆ ಅವನು ಹೋಗಲಿಲ್ಲ. ಹಾಗೆಂದು ಅವನ ಕಾಲು ತಣ್ಣಗಾಯಿತು ಎಂದು ತಿಳಿಯಬೇಡಿ. ಬಸ್ಸಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದ, ಕೋಟು ಹಾಕಿಕೊಳ್ಳುತ್ತಿದ್ದ, ಆಮೇಲೆ ಹಿತ್ತಿಲಿಗೆ ಹೋಗಿ ದ್ರಾಕ್ಷಿ ಚಪ್ಪರದ ಸುತ್ತ ತಿರುಗಲು ತೊಡಗುತ್ತಿದ್ದ. ತಿರುಗಿ ತಿರುಗಿ ಅಲ್ಲಿ ಹುಲ್ಲು ಹುಟ್ಟದ ಒಂದು ದಾರಿಯೇ ಬಿದ್ದಿತು. ಮಳೆಗಾಲದಲ್ಲಿ ಅದರಲ್ಲಿ ನೀರು ಹರಿದು ಬಳ್ಳಿಯ ಬುಡ ಸೇರುತ್ತಿತ್ತು. ಮರುವರ್ಷದ ಕೂಟದಲ್ಲಿ ಮುತ್ತಮ್ಮ ವಿಶಾಲಾಕ್ಷಮ್ಮನ ವೈನು ಕುಡಿದು, ಎರಡನೆಯ ಸಲ ಗ್ಲಾಸು ಮುಂದೊಡ್ಡಿದಳು. ಆ ಸುಖವನ್ನು ಕಾಣಲು ಸಣ್ಣಸ್ವಾಮಿ ಹಜಾರದಲ್ಲಿರಲಿಲ್ಲ, ಊರಿಗೆ ಮರಳುವ ಬಸ್ಸಿನಲ್ಲಿ ಆಗಲೇ ಹೆಂಡತಿಗೊಂದು ಸೀಟು ಹಿಡಿದಿದ್ದ.

ಇದ್ದಲ್ಲೇ ಇರುವವರನ್ನು ಲೋಕ ಸ್ಥಿರಚಿತ್ತರೆಂದು ಹೊಗಳುತ್ತದೆ. ಕೂರುವುದೇ ಸ್ವಭಾವವಾದವನು ಕೂತರೆ ಅದರಲ್ಲಿ ಅವನ ದೊಡ್ಡಸ್ತಿಕೆ ಏನಿದೆಯೋ ನಾನರಿಯೆ. ಸಣ್ಣಸ್ವಾಮಿಯಂಥವರ ಜಾತಿಯೇ ಬೇರೆ. ಅಂಗಾಲಿನ ತುರಿಕೆ ಅವರನ್ನು ಕೊನೆಯವರೆಗೂ ಬಿಡುವುದಿಲ್ಲ, ಪ್ರತಿ ಮುಂಜಾನೆಯೂ ಅವರು ಎಲ್ಲಿಗೋ ಹೊರಟು ನಿಂತೇ ಏಳುತ್ತಾರೆ. ಅಂಥವರು ಸಂಜೆಗೂ ಅದೇ ಮನೆಯಲ್ಲಿದ್ದಾರೆಂದರೆ, ಆ ದಿನವೆಲ್ಲ ಅವರು ಯಾರಿಗಾಗಿಯೋ ಬಹಳ ದೂರ ನಡೆದಿದ್ದಾರೆಂದೇ ಅರ್ಥ.